‘ಏನು ತಗೊಂಡಿದ್ದಾನೆ?’: ಪಿಯು ಉಪನ್ಯಾಸಕರಿಗೊಂದು ಬಹಿರಂಗ ಪತ್ರ

ರಾಜ್ಯದ ಪದವಿಪೂರ್ವ ಕಾಲೇಜುಗಳ ಉಪನ್ಯಾಸಕರಿಗೆ, ಪ್ರಾಂಶುಪಾಲರಿಗೆ,



ಜೂನ್ 26 ಹತ್ತಿರ ಬಂತೆಂದರೆ ನಿಮ್ಮ ಕಾಲೇಜಿಗೆ ಸುತ್ತೋಲೆ ಬರುತ್ತದೆ. ಮಾದಕ ವಸ್ತು ವಿರೋಧಿ ದಿನ ಆಚರಿಸಬೇಕು, ಫೋಟೊ ಕಳಿಸಬೇಕು. ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಬಲಗೈ ಮುಂದೆ ಚಾಚಿಸಿ ಪ್ರತಿಜ್ಞೆ ಮಾಡಿಸುತ್ತೀರಿ. ಠಾಣೆಯಿಂದ ಬಂದ ಅಧಿಕಾರಿ ಅರ್ಧ ಗಂಟೆ ಮಾತಾಡುತ್ತಾರೆ. ತಲೆಬುರುಡೆ, ಸಿರಿಂಜು, ಸರಪಳಿ ಬಿಡಿಸಿದ ಭಿತ್ತಿಚಿತ್ರಗಳಿಗೆ ಬಹುಮಾನ ಬರುತ್ತದೆ. ಮಧ್ಯಾಹ್ನದಿಂದ ಎಂದಿನಂತೆ ಪಾಠ. ನಾನು ಜಿಲ್ಲಾ ಆಸ್ಪತ್ರೆಯೊಂದರ ಮನೋರೋಗ ವಿಭಾಗದಲ್ಲಿ ಆಪ್ತಸಮಾಲೋಚಕಿ. ಆ ದಿನ ನನ್ನನ್ನೂ ವೇದಿಕೆಗೆ ಕರೆಯುತ್ತಾರೆ. ಹಾರ, ಸ್ವಾಗತ, ವಂದನಾರ್ಪಣೆಗಳ ನಡುವೆ ಉಳಿಯುವ ಹತ್ತು ನಿಮಿಷದಲ್ಲಿ ಹೇಳಲು ಆಗದೇ ಹೋದದ್ದನ್ನೆಲ್ಲ ಈಗ ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತನ್ನ ಬಳಕೆಗೆಂದು ಅಲ್ಪಸ್ವಲ್ಪ ಇಟ್ಟುಕೊಂಡ ವಯಸ್ಕರನ್ನು ಅಪರಾಧಿಯೆಂದು ಕಟಕಟೆಗೆ ಹತ್ತಿಸುವ ಪದ್ಧತಿ ಹೋಗಬೇಕು. ಮಾರುವವರ ಮೇಲೆ, ಅದರಲ್ಲೂ ಮಕ್ಕಳಿಗೆ ಮಾರುವವರ ಮೇಲೆ, ಕಾನೂನು ಗಟ್ಟಿಯಾಗಿಯೇ ಇರಲಿ. ಬಳಸಿದವರ ವಿಷಯದಲ್ಲಿ ಮಾತ್ರ ಠಾಣೆಗಿಂತ ಮೊದಲು ಆಸ್ಪತ್ರೆ ಬರಬೇಕು, ಆಸ್ಪತ್ರೆಗಿಂತ ಮೊದಲು ತರಗತಿ ಬರಬೇಕು. ಕಾನೂನು ಬದಲಿಸುವುದು ಸಂಸತ್ತಿನ ಕೈಯಲ್ಲಿದೆ. ತರಗತಿ ನಿಮ್ಮ ಕೈಯಲ್ಲಿದೆ. ಅದಕ್ಕೇ ಈ ಪತ್ರ ಸಂಸದರಿಗಲ್ಲ, ನಿಮಗೆ.

ಒಂದು ರಾತ್ರಿ ನಮ್ಮ ಕ್ಯಾಶುವಾಲ್ಟಿಗೆ ದ್ವಿತೀಯ ಪಿಯು ಹುಡುಗನೊಬ್ಬ ಬಂದ. ಬಂದ ಎನ್ನುವುದಕ್ಕಿಂತ, ಆಟೋದಲ್ಲಿ ತಂದು ಇಳಿಸಿದರು. ಉಸಿರು ತೀರಾ ನಿಧಾನ, ತುಟಿ ನೀಲಿಗಟ್ಟಿತ್ತು, ಕೂಗಿದರೂ ಎಚ್ಚರವಿಲ್ಲ. ಡ್ಯೂಟಿ ಡಾಕ್ಟರು ಜೊತೆಯಲ್ಲಿ ಬಂದ ಗೆಳೆಯರನ್ನು ಕೇಳಿದ್ದು ಒಂದೇ ಮಾತು: ‘ಏನು ತಗೊಂಡಿದ್ದಾನೆ?’ ಯಾರೂ ಬಾಯಿ ಬಿಡಲಿಲ್ಲ. ‘ಗೊತ್ತಿಲ್ಲ ಸರ್, ಊಟ ಮಾಡಿ ಮಲಗಿದ್ದ’ ಎಂದರು. ಹುಡುಗ ಬದುಕಿದ, ಅದು ಡಾಕ್ಟರ ಅನುಭವದಿಂದ. ಆಮೇಲೆ ಗೆಳೆಯರಲ್ಲಿ ಒಬ್ಬ ನನ್ನ ಹತ್ತಿರ ಬಂದು ಅತ್ತ. ರೂಮಿನಲ್ಲಿ ಗಾಂಜಾ ಸೇದಿದ್ದರು. ಅವನು ಮದ್ಯ ಕುಡಿದು, ಮೇಲಿಂದ ಯಾರೋ ಕೊಟ್ಟ ನಿದ್ದೆ ಮಾತ್ರೆ ನುಂಗಿದ್ದ. ಏಳಿಸಿದರೆ ಏಳಲಿಲ್ಲ. ಆಸ್ಪತ್ರೆಗೆ ತರಬೇಕೋ ಬೇಡವೋ ಎಂದು ಬಹಳ ಹೊತ್ತು ಚರ್ಚೆ ಮಾಡಿದ್ದರು. ‘ಪೊಲೀಸ್ ಕೇಸ್ ಆಗುತ್ತೆ, ಕಾಲೇಜಲ್ಲಿ ಟಿಸಿ ಕೊಡ್ತಾರೆ ಅಂತ ಭಯ ಆಯ್ತು ಮೇಡಂ’ ಎಂದ. ಅವರಿಗೆ ಹೆದರಿಕೆಯಿದ್ದದ್ದು ಗಾಂಜಾದ ಬಗ್ಗೆ, ಯಾಕೆಂದರೆ ಅವರಿಗೆ ಕಲಿಸಿದ್ದು ಅದರ ಬಗ್ಗೆ. ಗೆಳೆಯನ ಉಸಿರು ನಿಲ್ಲಿಸುತ್ತಿದ್ದದ್ದು ಮದ್ಯ ಮತ್ತು ಮಾತ್ರೆ ಒಟ್ಟು ಸೇರಿದ್ದು. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಈ ಮಕ್ಕಳು ಪ್ರತಿಜ್ಞೆ ಮಾಡಿದವರೇ.

ಅವರ ಭಯವೂ ಕಾರಣವಿಲ್ಲದ ಭಯವಲ್ಲ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಬಳಕೆಯೇ ಅಪರಾಧ. 27ನೇ ಸೆಕ್ಷನ್ ಪ್ರಕಾರ ಹೆರಾಯಿನ್, ಕೊಕೇನ್‌ನಂಥವನ್ನು ಬಳಸಿದರೆ ಒಂದು ವರ್ಷದವರೆಗೆ ಕಠಿಣ ಸಜೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಉಳಿದವಕ್ಕೆ ಆರು ತಿಂಗಳು, 10,000 ರೂಪಾಯಿ. ಇಟ್ಟುಕೊಂಡಿದ್ದಕ್ಕೆ ಶಿಕ್ಷೆ ತೂಕದ ಮೇಲೆ. ಗಾಂಜಾ ಒಂದು ಕಿಲೋವರೆಗೆ ‘ಅಲ್ಪ ಪ್ರಮಾಣ’, ಒಂದು ವರ್ಷದವರೆಗೆ ಸಜೆ. ಅದೇ ಎಂಡಿಎಂಎ ಎಂಬ ಮತ್ತಿನ ಮಾತ್ರೆಯಾದರೆ ಅಲ್ಪ ಪ್ರಮಾಣದ ಗೆರೆ ಅರ್ಧ ಗ್ರಾಮಿಗೇ ಮುಗಿಯುತ್ತದೆ. ಆ ಗೆರೆ ದಾಟಿದರೆ ಹತ್ತು ವರ್ಷದವರೆಗೆ ಶಿಕ್ಷೆ. 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಶುದ್ಧ ವಸ್ತುವಿನ ತೂಕವನ್ನಷ್ಟೇ ಅಲ್ಲ, ಬೆರೆಸಿದ ಪುಡಿಯನ್ನೂ ಸೇರಿಸಿ ತೂಗಬೇಕು ಎಂದು ತೀರ್ಪು ಕೊಟ್ಟಿತು. ಹಾಗಾಗಿ ಗೆಳೆಯನ ಮಾತು ಕೇಳಿ ಎರಡು ಮೂರು ಮಾತ್ರೆ ಜೇಬಿಗಿಟ್ಟುಕೊಂಡ ಹುಡುಗ ಅರ್ಧ ಗ್ರಾಮು ದಾಟಿಬಿಡಬಹುದು. ಹದಿನೆಂಟು ತುಂಬದಿದ್ದರೆ ಬಾಲನ್ಯಾಯ ಮಂಡಳಿ. ತುಂಬಿದ ಮರುದಿನದಿಂದ ದೊಡ್ಡವರ ನ್ಯಾಯಾಲಯ. ನಿಮ್ಮ ದ್ವಿತೀಯ ಪಿಯು ತರಗತಿಯಲ್ಲಿ ಈ ಎರಡೂ ಬಗೆಯ ಮಕ್ಕಳು ಒಂದೇ ಬೆಂಚಿನ ಮೇಲೆ ಕೂತಿರುತ್ತಾರೆ.

ಅದೇ ಕಾಯ್ದೆಯಲ್ಲಿ 64ಎ ಎಂಬ ಸೆಕ್ಷನ್ ಕೂಡ ಇದೆ. ಭಿತ್ತಿಚಿತ್ರದಲ್ಲಿ ಅದನ್ನು ಬರೆದದ್ದನ್ನು ನಾನು ನೋಡಿಲ್ಲ. ಬಳಕೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ, ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹಿಂದಕ್ಕೆ ಹೋಗಬಹುದು. ಕಾಯ್ದೆ ಬರೆದವರಿಗೂ ಇದು ಕಾಯಿಲೆ ಎಂಬ ಅರಿವು ಒಂದು ಮೂಲೆಯಲ್ಲಿ ಇತ್ತು ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಅದರಲ್ಲಿ ಒಂದು ದೊಡ್ಡ ಬಿರುಕಿದೆ. ರಕ್ಷಣೆ ವ್ಯಸನಿಗೆ ಮಾತ್ರ. ಕುತೂಹಲಕ್ಕೆ ಒಮ್ಮೆ ಸೇದಿದವನು ವ್ಯಸನಿಯಲ್ಲ, ಅವನಿಗೆ ಚಿಕಿತ್ಸೆಯ ಅಗತ್ಯವೂ ಇಲ್ಲ, ಆದ್ದರಿಂದ ಅವನಿಗೆ ಈ ಬಾಗಿಲೂ ಇಲ್ಲ. ಚಟ ಬಲಿತ ಮೇಲೆ ದಯೆ, ಬಲಿಯುವ ಮೊದಲು ಎಫ್‌ಐಆರ್. ಹದಿನೆಂಟರ ಹುಡುಗನ ಬದುಕಿನಲ್ಲಿ ಆ ಒಂದು ಎಫ್‌ಐಆರ್ ಏನು ಮಾಡುತ್ತದೆಂದು ನಾನು ನಿಮಗೆ ಹೇಳಬೇಕಿಲ್ಲ. ಕೆಲಸಕ್ಕೆ ಅರ್ಜಿ ಹಾಕುವಾಗ, ಪಾಸ್‌ಪೋರ್ಟ್ ಕೇಳುವಾಗ, ಪೊಲೀಸ್ ಪರಿಶೀಲನೆಗೆ ನಿಲ್ಲುವಾಗ ಗಾಂಜಾದ ಅಮಲಿಗಿಂತ ಎಷ್ಟೋ ಪಟ್ಟು ಉದ್ದವಾಗಿ ಅದು ಹಿಂಬಾಲಿಸುತ್ತದೆ.

ಈಗ ತರಗತಿಯ ಮಾತಿಗೆ ಬರುತ್ತೇನೆ. ನನಗೆ ಹೆಚ್ಚು ಹೇಳಬೇಕಿರುವುದು ಇಲ್ಲಿಯೇ.

‘ಡ್ರಗ್ಸ್’ ಎಂಬ ಒಂದೇ ಪದದ ಕೆಳಗೆ ಎಲ್ಲವನ್ನೂ ತುರುಕಿ, ಒಮ್ಮೆ ಮುಟ್ಟಿದರೆ ಬದುಕು ಮುಗಿಯಿತು ಎಂದು ನಾವು ಹೇಳುತ್ತೇವೆ. ಹುಡುಗ ಹಾಸ್ಟೆಲಿನಲ್ಲಿ ಗಾಂಜಾ ಸೇದುವ ಸೀನಿಯರನ್ನು ನೋಡುತ್ತಾನೆ. ಆ ಸೀನಿಯರ್ ಸತ್ತಿಲ್ಲ, ಹುಚ್ಚನಾಗಿಲ್ಲ, ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕೆಲಸವನ್ನೂ ಗಿಟ್ಟಿಸಿದ್ದಾನೆ. ಅಲ್ಲಿಗೆ ನಾವು ಹೇಳಿದ್ದೆಲ್ಲವೂ ಸುಳ್ಳು ಎಂದು ಹುಡುಗ ತೀರ್ಮಾನಿಸುತ್ತಾನೆ. ಮಾತ್ರೆಯ ಬಗ್ಗೆ ಹೇಳಿದ್ದು, ಸೂಜಿಯ ಬಗ್ಗೆ ಹೇಳಿದ್ದು, ವೈಟ್ನರ್ ಮೂಸುವುದರ ಬಗ್ಗೆ ಹೇಳಿದ್ದು, ಅವೂ ಅದರ ಜೊತೆಗೇ ತಿಪ್ಪೆಗೆ ಹೋಗುತ್ತವೆ. ಒಂದು ಸುಳ್ಳು ಹತ್ತು ನಿಜಗಳನ್ನು ಕೊಲ್ಲುವುದು ಹೀಗೆ. ಅಮೆರಿಕದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದಾರೆ. 1983ರಲ್ಲಿ ಲಾಸ್ ಏಂಜಲೀಸ್‌ನ ಪೊಲೀಸರು ಶುರುಮಾಡಿದ ‘ಡೇರ್’ ಎಂಬ ಕಾರ್ಯಕ್ರಮ ದೇಶದ ಬಹುಪಾಲು ಶಾಲಾ ಜಿಲ್ಲೆಗಳಿಗೆ ಹಬ್ಬಿತು. ಸಮವಸ್ತ್ರದ ಅಧಿಕಾರಿ ತರಗತಿಗೆ ಬಂದು ಪಾಠ ಮಾಡುವುದು, ‘ಬೇಡ’ ಎನ್ನುವುದನ್ನು ಕಲಿಸುವುದು. ವರ್ಷಗಳು ಕಳೆದ ಮೇಲೆ ಸಂಶೋಧಕರು ಅಳೆದು ನೋಡಿದರೆ, ಆ ತರಗತಿಯಲ್ಲಿ ಕೂತ ಮಕ್ಕಳಿಗೂ ಕೂರದ ಮಕ್ಕಳಿಗೂ ಬಳಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೇ 2003ರಲ್ಲಿ ಹಾಗೆಂದು ವರದಿ ಕೊಟ್ಟಿತು. ನಮ್ಮ ಜೂನ್ 26ರ ಆಚರಣೆ ಇದಕ್ಕಿಂತ ಬಹಳ ಬೇರೆಯಲ್ಲ.

ಹಾಗಾದರೆ ಏನು ಕಲಿಸಬೇಕು? ನಿಜವನ್ನು, ಅದರ ಅಳತೆಯ ಸಮೇತ.

ಗಾಂಜಾ ಸೇದಿದವರೆಲ್ಲ ದಾಸರಾಗುವುದಿಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದರಲ್ಲಿ, ಎಂದಾದರೂ ಬಳಸಿದವರ ಪೈಕಿ ಚಟಕ್ಕೆ ಬಿದ್ದವರು ಗಾಂಜಾದಲ್ಲಿ ನೂರಕ್ಕೆ 9, ಮದ್ಯದಲ್ಲಿ 15, ಹೆರಾಯಿನ್‌ನಲ್ಲಿ 23, ತಂಬಾಕಿನಲ್ಲಿ 32. ತಂಬಾಕು ಎಲ್ಲಕ್ಕಿಂತ ಮೇಲಿದೆ ಎಂಬುದನ್ನು ಗಮನಿಸಿ. ಕಾಲೇಜು ಗೇಟಿನಾಚೆ ಗೂಡಂಗಡಿಯಲ್ಲಿ ಬಿಡಿ ಸಿಗರೇಟು ಸಿಗುತ್ತದೆ. ಇದನ್ನು ಹೇಳಿದರೆ ಹುಡುಗರಿಗೆ ಗಾಂಜಾ ಸೇದಲು ಪರವಾನಗಿ ಕೊಟ್ಟಂತೆ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ನಿಜದ ಉಳಿದರ್ಧವನ್ನೂ ಹೇಳಿ. ಹದಿಹರೆಯದಲ್ಲೇ ಶುರುಮಾಡಿದವರಲ್ಲಿ ಆ ಅಪಾಯ ಸುಮಾರು ದುಪ್ಪಟ್ಟಾಗುತ್ತದೆ, ಯಾಕೆಂದರೆ ಮೆದುಳು ಇಪ್ಪತ್ತರ ನಡುವಿನವರೆಗೂ ಬೆಳೆಯುತ್ತಲೇ ಇರುತ್ತದೆ. ದಿನಾ ಸೇದುವವರಲ್ಲಿ, ಕಡುಗಾಂಜಾ ಸೇದುವವರಲ್ಲಿ ಚಿತ್ತವಿಕಲತೆಯ ಅಪಾಯ ಏರುತ್ತದೆ. ಮನೆಯಲ್ಲಿ ಹತ್ತಿರದವರಿಗೆ ಸ್ಕಿಜೋಫ್ರೇನಿಯ ಇದ್ದರೆ ಆ ಹುಡುಗ ಗಾಂಜಾದಿಂದ ದೂರವೇ ಇರಬೇಕು. ನಮ್ಮ ವಾರ್ಡಿನಲ್ಲಿ ಅಂಥ ಹುಡುಗರನ್ನು, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆಂದು ಕಿಟಕಿ ಮುಚ್ಚಿಕೊಂಡು ಕೂರುವ ಹುಡುಗರನ್ನು, ನಾನು ನೋಡುತ್ತೇನೆ. ಅವರ ತಾಯಂದಿರ ಮುಖವನ್ನೂ ನೋಡುತ್ತೇನೆ. ಈ ಅಪಾಯವನ್ನು ಸಣ್ಣದು ಮಾಡಿ ಹೇಳಲು ನನಗೆ ಯಾವ ಕಾರಣವೂ ಇಲ್ಲ.

ಇನ್ನೂ ಮುಖ್ಯವಾದದ್ದು, ಯಾವುದು ಬೇಗ ಕೊಲ್ಲುತ್ತದೆ ಎಂಬುದು. ಮದ್ಯದ ಜೊತೆ ನಿದ್ದೆ ಮಾತ್ರೆ ಅಥವಾ ಆತಂಕದ ಮಾತ್ರೆ ಸೇರಿದರೆ ಉಸಿರಾಟ ಕುಗ್ಗುತ್ತದೆ. ಕಡುನೋವಿಗೆ ಕೊಡುವ ಅಫೀಮು ಜಾತಿಯ ಮಾತ್ರೆಗಳದ್ದೂ ಇದೇ ಕಥೆ. ಅವನ್ನು ಪುಡಿಮಾಡಿ ನೀರಲ್ಲಿ ಕಲಸಿ ಚುಚ್ಚಿಕೊಂಡರೆ ಮಾತ್ರೆಯ ಹುಡಿ ರಕ್ತನಾಳದಲ್ಲಿ ಕೂರುತ್ತದೆ, ಹುಣ್ಣಾಗುತ್ತದೆ. ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ. ಎಂಡಿಎಂಎ ತಗೊಂಡು ಗಂಟೆಗಟ್ಟಲೆ ಕುಣಿದರೆ ಮೈ ಬಿಸಿ ಅಪಾಯದ ಮಟ್ಟಕ್ಕೆ ಏರುತ್ತದೆ. ಅದಕ್ಕೆ ಹೆದರಿ ಲೀಟರುಗಟ್ಟಲೆ ನೀರು ಕುಡಿದರೆ ರಕ್ತದ ಉಪ್ಪಿನಂಶ ಕುಸಿದು ಅದೂ ಪ್ರಾಣಕ್ಕೆ ಬರಬಹುದು. ವೈಟ್ನರ್, ಪಂಕ್ಚರ್ ಹಾಕುವ ಸೊಲ್ಯೂಷನ್ ಮೂಸಿದವರಲ್ಲಿ ಮೊದಲ ಸಲವೇ ಹೃದಯ ನಿಂತದ್ದುಂಟು. ಮೂಸುವ ಚಟ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಎಂದು ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಹತ್ತರಿಂದ ಹದಿನೇಳು ವಯಸ್ಸಿನವರಲ್ಲಿ ನೂರಕ್ಕೆ 1.17, ದೊಡ್ಡವರಲ್ಲಿ 0.58. ಬೇರೆಲ್ಲ ಮಾದಕಗಳಲ್ಲಿ ದೊಡ್ಡವರೇ ಮುಂದೆ, ಇದೊಂದರಲ್ಲಿ ಮಕ್ಕಳು. ಇದನ್ನು ಯಾವ ಕಾಯ್ದೆಯೂ ತಡೆಯಲಾರದು, ಯಾಕೆಂದರೆ ಇದು ಸ್ಟೇಷನರಿ ಅಂಗಡಿಯ ಸರಕು.

ಗೆಳೆಯ ಎಚ್ಚರ ತಪ್ಪಿದರೆ ಏನು ಮಾಡಬೇಕೆಂದು ನಿಮ್ಮ ವಿದ್ಯಾರ್ಥಿಗಳಿಗೆ ಗೊತ್ತಿದೆಯೇ? ಅಂಗಾತ ಮಲಗಿಸಬಾರದು, ವಾಂತಿ ಉಸಿರುನಾಳಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಬೇಕು. ತಣ್ಣೀರು ಎರಚುವುದು, ಮಜ್ಜಿಗೆ ಕುಡಿಸುವುದು, ‘ಮಲಗಲಿ ಬಿಡು, ಬೆಳಿಗ್ಗೆ ಸರಿಹೋಗುತ್ತಾನೆ’ ಎನ್ನುವುದು ಬೇಡ. 108ಕ್ಕೆ ಕರೆ ಮಾಡಬೇಕು, ಏನು ನುಂಗಿದ್ದ ಎಂಬುದನ್ನು ಮುಚ್ಚಿಡದೆ ಹೇಳಬೇಕು, ಖಾಲಿ ಮಾತ್ರೆ ಪಟ್ಟಿಯನ್ನು ಜೊತೆಗೆ ತರಬೇಕು. ಅಫೀಮು ಜಾತಿಯದ್ದಾದರೆ ನಲೋಕ್ಸೋನ್ ಎಂಬ ಔಷಧಿ ನಿಮಿಷಗಳಲ್ಲಿ ಉಸಿರು ಹಿಂತಿರುಗಿಸಬಲ್ಲದು, ಆದರೆ ಡಾಕ್ಟರಿಗೆ ವಿಷಯ ಗೊತ್ತಾದರೆ ತಾನೇ. ಈ ಕೆಲವು ವಾಕ್ಯಗಳನ್ನು ಹೇಳಲು ಜೀವಶಾಸ್ತ್ರದ ಒಂದು ಪೀರಿಯಡ್ ಸಾಕು.

ಹೆದರಿಸದೆ, ಜೈಲಿಗೆ ಹಾಕದೆ ಬಳಕೆ ಇಳಿಸಲು ಸಾಧ್ಯವೇ ಎಂದು ಅನುಮಾನಿಸುವವರು ತಂಬಾಕಿನ ಕಡೆ ನೋಡಬೇಕು. ಕರ್ನಾಟಕದಲ್ಲಿ ಹದಿನೈದು ವರ್ಷ ದಾಟಿದವರ ಪೈಕಿ ತಂಬಾಕು ಬಳಸುವವರು 2009-10ರ ಸಮೀಕ್ಷೆಯಲ್ಲಿ ನೂರಕ್ಕೆ 28.2, 2016-17ರಲ್ಲಿ 22.8. ಈ ಇಳಿಕೆಗೆ ಒಬ್ಬನೇ ಒಬ್ಬ ಬೀಡಿ ಸೇದುವವನನ್ನು ಜೈಲಿಗೆ ಹಾಕಿಲ್ಲ. 2003ರ ಕಾಯ್ದೆ ಜಾಹೀರಾತು ನಿಲ್ಲಿಸಿತು, ಶಾಲೆಯ ಸುತ್ತ ನೂರು ಗಜದಲ್ಲಿ ಮಾರಾಟ ನಿಷೇಧಿಸಿತು. 2008ರ ಗಾಂಧಿ ಜಯಂತಿಯಿಂದ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ. 2016ರಿಂದ ಪ್ಯಾಕಿನ ಶೇ 85 ಭಾಗ ಎಚ್ಚರಿಕೆಯ ಚಿತ್ರ. ಬಸ್ಸಿನಲ್ಲಿ, ಸಿನಿಮಾ ಮಂದಿರದಲ್ಲಿ ಪಕ್ಕದವರ ಮುಖಕ್ಕೆ ಹೊಗೆ ಬಿಡುತ್ತಿದ್ದ ಕಾಲವನ್ನು ಕಂಡವರು ನಮ್ಮಲ್ಲಿ ಎಷ್ಟೋ ಜನ ಇದ್ದೇವೆ. ಅದು ಹೋಯಿತು. ಬಿಡಬೇಕೆನಿಸಿದವನು ಯಾವ ನಾಚಿಕೆಯೂ ಇಲ್ಲದೆ ಡಾಕ್ಟರ ಹತ್ತಿರ ಹೋಗಿ ‘ಸಿಗರೇಟು ಬಿಡಿಸಿ’ ಎನ್ನುತ್ತಾನೆ. ಗಾಂಜಾ ಸೇದುವವನು ಹಾಗೆ ಕೇಳಲು ಹೆದರುತ್ತಾನೆ. ಎರಡರ ನಡುವೆ ಕಾನೂನು ಎಳೆದ ಗೆರೆ ಅಪಾಯದ ಅಳತೆಯ ಮೇಲೆ ಎಳೆದದ್ದಲ್ಲ.

ಆ ಗೆರೆ ಎಷ್ಟು ಅಡ್ಡಾದಿಡ್ಡಿ ಎಂಬುದಕ್ಕೆ ನಮ್ಮ ಹೈಕೋರ್ಟಿನಲ್ಲೇ ಒಂದು ಉದಾಹರಣೆ ಇದೆ. 2022ರ ಆಗಸ್ಟ್‌ನಲ್ಲಿ, 29 ಕಿಲೋ ಭಾಂಗ್ ಸಿಕ್ಕಿದ್ದ ಪ್ರಕರಣವೊಂದರಲ್ಲಿ ಆರೋಪಿಗೆ ಜಾಮೀನು ಕೊಡುತ್ತ ಹೈಕೋರ್ಟು, ಭಾಂಗ್ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ಗಿಡದ ಹೂಗೊನೆ ಗಾಂಜಾ, ಅಂಟು ಚರಸ್, ಎಲೆ ಮಾತ್ರ ಬೇರೆ. ಒಂದೇ ಗಿಡ. ಈ ಗಿಡದ ವಿಷಯದಲ್ಲಿ ನಮ್ಮ ನೆಲ ಹೊಸದಾಗಿ ಯೋಚಿಸುತ್ತಲೂ ಇಲ್ಲ. 1893-94ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಆಯೋಗವೊಂದು ದೇಶವಿಡೀ ಸುತ್ತಿ ಸಾವಿರಕ್ಕೂ ಹೆಚ್ಚು ಜನರ ಸಾಕ್ಷ್ಯ ಪಡೆದು, ಏಳು ಸಂಪುಟಗಳ ವರದಿ ಬರೆಯಿತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವ ಹಾನಿಯಿಲ್ಲ, ಅತಿಬಳಕೆಯಿಂದ ಇದೆ, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯಿಂದ ಹಿಡಿತದಲ್ಲಿಡಿ ಎಂಬುದು ಅದರ ತಿರುಳು. 1961ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿ, ಗಾಂಜಾ ಬಳಕೆ ನಿಲ್ಲಿಸಲು ಅದು ಕೊಟ್ಟಿದ್ದ ಇಪ್ಪತ್ತೈದು ವರ್ಷದ ಗಡುವು ಮುಗಿಯುವ ಮೊದಲೇ ನಾವು ಎನ್‌ಡಿಪಿಎಸ್ ತಂದೆವು. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಅಪಾಯದ ಪಟ್ಟಿಯಿಂದ ಕೆಳಗಿಳಿಸುವ ಪ್ರಸ್ತಾವವನ್ನು ಮತಕ್ಕೆ ಹಾಕಿದಾಗ, ಭಾರತ ಹೌದು ಎಂದೇ ಮತ ಹಾಕಿತು. ಮನೆಯೊಳಗಿನ ಕಾನೂನು ಮಾತ್ರ ಹಾಗೇ ಉಳಿದಿದೆ.

ವೈಯಕ್ತಿಕ ಸ್ವಾತಂತ್ರ್ಯದ ಮಾತು ಬಂದರೆ ನಮ್ಮವರೇ ಒಬ್ಬರ ಹೆಸರು ಮುಂದೆ ಬರುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ಮೇಲೆ ಆಧಾರ್ ವಿರುದ್ಧ ಅರ್ಜಿ ಹಾಕಿದರು. ಅದರಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ನಮ್ಮ ನ್ಯಾಯಾಲಯಗಳು ಆ ತತ್ವವನ್ನು ಗಾಂಜಾಕ್ಕೆ ವಿಸ್ತರಿಸಿಲ್ಲ. ಆದರೆ ದಕ್ಷಿಣ ಆಫ್ರಿಕದ ಸಾಂವಿಧಾನಿಕ ನ್ಯಾಯಾಲಯ 2018ರ ಸೆಪ್ಟೆಂಬರ್‌ನಲ್ಲಿ ಇದೇ ಖಾಸಗಿತನದ ಹಕ್ಕಿನ ಆಧಾರದ ಮೇಲೆ, ವಯಸ್ಕರು ತಮ್ಮ ಖಾಸಗಿ ಜಾಗದಲ್ಲಿ ಗಾಂಜಾ ಬಳಸಿದರೆ ಅಪರಾಧವಲ್ಲ ಎಂದಿತು. ನನಗೆ ಆ ತರ್ಕ ಒಪ್ಪಿಗೆ. ತನ್ನ ಮೈಗೆ ತಾನು ಏನು ಮಾಡಿಕೊಳ್ಳುತ್ತಾನೆ ಎಂಬುದರಲ್ಲಿ ವಯಸ್ಕನಿಗೆ ಒಂದು ಪಾಲು ಸ್ವಾತಂತ್ರ್ಯ ಇರಲೇಬೇಕು, ತಪ್ಪು ಮಾಡುವ ಸ್ವಾತಂತ್ರ್ಯ ಸೇರಿ. ಮಕ್ಕಳಿಗೆ ಈ ವಾದ ಅನ್ವಯಿಸುವುದಿಲ್ಲ. ಹದಿನೇಳರ ಹುಡುಗಿಗೆ ಬಳಸುವ ಹಕ್ಕಿದೆ ಎಂದು ನಾನು ಹೇಳಲಾರೆ. ತಿಳಿಯುವ ಹಕ್ಕು ಮಾತ್ರ ಅವಳಿಗೆ ಪೂರ್ತಿಯಾಗಿ ಇದೆ, ಯಾಕೆಂದರೆ ಮುಂದಿನ ವರ್ಷ ಅವಳು ವಯಸ್ಕಳು. ತಿಳಿವಳಿಕೆ ಇಲ್ಲದೆ ಮಾಡುವ ಆಯ್ಕೆಯನ್ನು ಸ್ವಾತಂತ್ರ್ಯ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಈ ವಾದಕ್ಕೆ ಎದುರಾಗಿ ನಿಲ್ಲುವ, ನಾನು ತಲೆಬಾಗಿ ಕೇಳಿಸಿಕೊಳ್ಳುವ ದನಿ ಒಂದಿದೆ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಅವರಿಗೆ ಹೋಗಿ ಕುಡಿಯುವವನ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡಲು ನನಗೆ ಬಾಯಿ ಬರುವುದಿಲ್ಲ. ಅವನ ಸ್ವಾತಂತ್ರ್ಯಕ್ಕೆ ಬೆಲೆ ಕೊಟ್ಟವಳು ಅವಳು: ಕೂಲಿ ದುಡ್ಡು, ಹೊಡೆತ, ಮಕ್ಕಳ ಓದು. ನಮ್ಮ ವಾರ್ಡಿನಲ್ಲಿ ಗಂಡಸರ ಮಂಚದ ಪಕ್ಕದಲ್ಲಿ ಕೂತಿರುವ ಹೆಂಗಸರು ಇವರೇ. ಅವರ ಸಿಟ್ಟು ನ್ಯಾಯವಾದದ್ದು. ಆದರೆ ನಿಷೇಧದ ಚರಿತ್ರೆಯೂ ನಮ್ಮ ಮುಂದಿದೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಬಡವರು ಸತ್ತರು. 2016ರಿಂದ ಪೂರ್ಣ ನಿಷೇಧವಿರುವ ಬಿಹಾರದ ಸಾರಣ ಜಿಲ್ಲೆಯಲ್ಲಿ 2022ರ ಡಿಸೆಂಬರ್‌ನಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಹೋದರು. ಕುಡಿದವರನ್ನು ಆಸ್ಪತ್ರೆಗೆ ತರಲು ಮನೆಯವರು ಅಲ್ಲಿಯೂ ಹೆದರಿದರು.

ಇನ್ನೊಂದು ತುದಿಯ ಪಾಠವೂ ನಮ್ಮ ರಾಜ್ಯದ್ದೇ. ಅಬಕಾರಿಯಿಂದ ಬೊಕ್ಕಸಕ್ಕೆ ವರ್ಷಕ್ಕೆ ಮೂವತ್ತು ಸಾವಿರ ಕೋಟಿಗೂ ಹೆಚ್ಚು ಬರುತ್ತದೆ, ಬಜೆಟ್ಟಿನಲ್ಲಿ ಅದಕ್ಕೊಂದು ಗುರಿ ಇರುತ್ತದೆ. ಜನ ಹೆಚ್ಚು ಕುಡಿದರೆ ಸರ್ಕಾರಕ್ಕೆ ಲಾಭ ಎಂಬ ಸ್ಥಿತಿಯಲ್ಲಿ, ಕುಡಿತ ಬಿಡಿಸುವ ಕೆಲಸಕ್ಕೆ ಯಾರು ಮನಸ್ಸು ಕೊಡುತ್ತಾರೆ? ಅದೇ ಏಮ್ಸ್ ಸಮೀಕ್ಷೆಯಲ್ಲಿ, ಮದ್ಯದ ಚಟಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಆದ್ದರಿಂದ ಶಿಕ್ಷೆ ತೆಗೆಯುವುದು ಬೇರೆ, ಬೀದಿಗೊಂದು ಅಂಗಡಿ ತೆರೆಯುವುದು ಬೇರೆ ಎಂದು ನಾನು ಒತ್ತಿ ಹೇಳುತ್ತೇನೆ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ನಿಷೇಧದ ಪಟ್ಟಿಯಿಂದ ತೆಗೆಯಿತು, ನಿಯಮ ಬರೆಯುವ ಮೊದಲೇ ಸಾವಿರಾರು ಅಂಗಡಿ ಎದ್ದವು. 2025ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಹಿಂದಕ್ಕೆ ಬರಬೇಕಾಯಿತು. ಅಮೆರಿಕದ ಓರೆಗಾನ್ ರಾಜ್ಯ 2021ರಲ್ಲಿ ಮಾದಕಗಳನ್ನು ಅಲ್ಪ ಪ್ರಮಾಣದಲ್ಲಿ ಇಟ್ಟುಕೊಂಡದ್ದಕ್ಕೆ ಇದ್ದ ಶಿಕ್ಷೆ ತೆಗೆಯಿತು, ಚಿಕಿತ್ಸೆಯ ವ್ಯವಸ್ಥೆ ಮಾತ್ರ ಹೊತ್ತಿಗೆ ಸರಿಯಾಗಿ ಕಟ್ಟಲಿಲ್ಲ. ಬೀದಿಯಲ್ಲಿ ಬಹಿರಂಗ ಬಳಕೆ ಕಂಡು ಜನ ರೋಸಿದರು, 2024ರ ಸೆಪ್ಟೆಂಬರ್‌ನಿಂದ ಮತ್ತೆ ಅಪರಾಧ.

ನನ್ನ ಮನಸ್ಸಿನಲ್ಲಿರುವುದು ಪೋರ್ಚುಗಲ್. 1990ರ ದಶಕದಲ್ಲಿ ಆ ಸಣ್ಣ ದೇಶದಲ್ಲಿ ನೂರಕ್ಕೊಬ್ಬರು ಹೆರಾಯಿನ್ ಹಿಡಿತದಲ್ಲಿದ್ದರು. 2001ರ ಜುಲೈನಿಂದ ಅಲ್ಲಿ ಹತ್ತು ದಿನದ ಬಳಕೆಗೆ ಆಗುವಷ್ಟು ಇಟ್ಟುಕೊಂಡವನು ಅಪರಾಧಿಯಲ್ಲ. ಹಾಗೆಂದು ಅದು ಕಾನೂನುಬದ್ಧವೂ ಅಲ್ಲ. ಸಿಕ್ಕಿಬಿದ್ದವನನ್ನು ಕಾನೂನು, ಆರೋಗ್ಯ, ಸಮಾಜಕಾರ್ಯ ಬಲ್ಲ ಮೂವರ ಸಮಿತಿಯ ಮುಂದೆ ಕೂರಿಸುತ್ತಾರೆ. ಚಟ ಇದ್ದರೆ ಚಿಕಿತ್ಸೆಗೆ ಒಲಿಸುತ್ತಾರೆ, ಇಲ್ಲದಿದ್ದರೆ ಎಚ್ಚರಿಕೆ ಕೊಟ್ಟು ಮನೆಗೆ ಕಳಿಸುತ್ತಾರೆ. ಸಾಗಿಸಿ ಮಾರುವವರಿಗೆ ಜೈಲು ಹಾಗೇ ಇದೆ. ಜೊತೆಗೆ ಚಿಕಿತ್ಸೆ, ಬದಲಿ ಔಷಧಿ, ಶುದ್ಧ ಸೂಜಿಗಳಿಗೆ ಹಣ ಸುರಿದರು. ಸೂಜಿಯಿಂದ ಹರಡುವ ಎಚ್‌ಐವಿ ಪ್ರಕರಣಗಳು ಕಡಿದಾಗಿ ಇಳಿದವು. ಚಿಕಿತ್ಸೆಗೆ ಹಣ ಕಡಿಮೆಯಾದಾಗ ಅಲ್ಲೂ ತೊಂದರೆ ಮತ್ತೆ ತಲೆ ಎತ್ತಿದೆ, ಆದರೂ ಬಳಸಿದವರನ್ನು ಜೈಲಿಗೆ ಕಳಿಸುವ ಹಳೆಯ ದಾರಿಗೆ ಆ ದೇಶ ಮರಳಿಲ್ಲ.

ನಮ್ಮಲ್ಲಿ ಅಡಿಪಾಯ ಇಲ್ಲವೆನ್ನುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಯನ್ನೂ ಮನೋರೋಗದ ಒಳಗೇ ಸೇರಿಸಿದೆ. ಅಂದರೆ ಚಿಕಿತ್ಸೆಯ ಹಕ್ಕಿದೆ, ಗೋಪ್ಯತೆಯ ಹಕ್ಕಿದೆ, ಕಟ್ಟಿಹಾಕಿ ಹೊಡೆಯುವ ‘ವ್ಯಸನಮುಕ್ತಿ ಕೇಂದ್ರ’ಗಳು ಕಾನೂನುಬಾಹಿರ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ ದೇಶಕ್ಕೇ ಮಾದರಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು. ವ್ಯಸನಮುಕ್ತಿಗೆಂದೇ 14446 ಇದೆ. ಇಷ್ಟಿದ್ದೂ ಹುಡುಗರು ನಮ್ಮ ಹತ್ತಿರ ತಡವಾಗಿ ಬರುತ್ತಾರೆ, ಕಾರಣ ಮೇಲೆ ಹೇಳಿದೆ.

ಅದಕ್ಕೇ ನಿಮ್ಮಲ್ಲಿ ಕೆಲವು ಬೇಡಿಕೆ. ವಿದ್ಯಾರ್ಥಿಯ ಬ್ಯಾಗಿನಲ್ಲಿ ಏನೋ ಸಿಕ್ಕಿತೆಂದರೆ ಮೊದಲ ಫೋನ್ ಠಾಣೆಗೆ ಬೇಡ, ಮೊದಲ ಕಾಗದ ಟಿಸಿ ಆಗುವುದು ಬೇಡ. ಮನೆಯವರನ್ನು ಕರೆಸಿ, ಆದರೆ ಎಲ್ಲರೆದುರು ನಿಲ್ಲಿಸಿ ಬೈಯಬೇಡಿ. ಕಾಲೇಜು ಬಿಡಿಸಿದ ಹುಡುಗ ಬಿಟ್ಟೂ ಬಿಡದೆ ಕೂರುವುದು ಅವನಿಗೆ ಮಾಲು ಕೊಟ್ಟವರ ಜೊತೆಯಲ್ಲೇ. ತಾನಾಗಿ ಬಂದು ಹೇಳಿಕೊಂಡವನ ಮೇಲೆ ಶಿಸ್ತುಕ್ರಮ ಇರುವುದಿಲ್ಲ, ಗೆಳೆಯನನ್ನು ಆಸ್ಪತ್ರೆಗೆ ತಂದವನಿಗೆ ಯಾವ ಶಿಕ್ಷೆಯೂ ಇಲ್ಲ ಎಂದು ನಿಮ್ಮ ಕಾಲೇಜಿನ ನಿಯಮದಲ್ಲಿ ಬರೆದು ಸೂಚನಾ ಫಲಕದಲ್ಲಿ ಹಾಕಿ. ಅದಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಮಾರುವವನು ಸಿಕ್ಕರೆ ಪೊಲೀಸರಿಗೆ ಹೇಳಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಸಂಜೆ ಆಟದ ಮೈದಾನಕ್ಕೆ ಬೀಗ ಹಾಕಬೇಡಿ. ಐಸ್‌ಲ್ಯಾಂಡ್ ದೇಶ ತನ್ನ ಹದಿಹರೆಯದವರ ಕುಡಿತವನ್ನು ಇಳಿಸಿದ್ದು ಮುಖ್ಯವಾಗಿ ಅವರ ಸಂಜೆಗಳನ್ನು ಆಟ, ಸಂಗೀತಗಳಿಂದ ತುಂಬಿ, ತಂದೆತಾಯಿ ಅವರ ಜೊತೆ ಹೆಚ್ಚು ಹೊತ್ತು ಕಳೆಯುವಂತೆ ಮಾಡಿ. ನಿಮ್ಮ ಹಾಸ್ಟೆಲ್ ಹುಡುಗರಿಗೆ ಸಂಜೆ ಐದರಿಂದ ಒಂಬತ್ತರವರೆಗೆ ಮಾಡಲು ಏನಿದೆ ಎಂದು ಒಮ್ಮೆ ಹೋಗಿ ನೋಡಿ.

ಈ ಸಲ ಜೂನ್ 26ಕ್ಕೆ ನನ್ನನ್ನು ಕರೆಯುವವರಿದ್ದರೆ ವೇದಿಕೆ ಬೇಡ, ಒಂದು ತರಗತಿ ಕೊಡಿ, ಎರಡು ಪೀರಿಯಡ್ ಕೊಡಿ. ಹಿಂದಿನ ವಾರವೇ ಮಕ್ಕಳಿಗೆ ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆದು ಡಬ್ಬಿಗೆ ಹಾಕಲು ಹೇಳಿ. ‘ಅಪ್ಪ ದಿನಾ ಕುಡೀತಾರೆ, ಒಮ್ಮೆಲೇ ಬಿಡಿಸಬಹುದಾ’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಡಾಕ್ಟರ ಕಣ್ಣೆದುರೇ ಬಿಡಿಸಬೇಕು ಎಂಬ ಉತ್ತರ ಆ ಮಗುವಿಗೆ ತುರ್ತಾಗಿ ಬೇಕು. ‘ಓದುವಾಗ ನಿದ್ದೆ ಬರದಿರಲು ಯಾವ ಮಾತ್ರೆ’ ಎಂದೂ ಬರುತ್ತದೆ. ನಿಮಗೆ ಮುಜುಗರವಾಗುವ ಪ್ರಶ್ನೆಗಳೂ ಇರುತ್ತವೆ. ಚೀಟಿಗಳನ್ನು ಎರಡು ದಿನ ಮೊದಲು ನನಗೆ ಕಳಿಸಿ. ಅಕ್ಷರ ನೋಡಿ ಯಾರದ್ದೆಂದು ಹುಡುಕಬೇಡಿ, ಯಾವ ಚೀಟಿಯನ್ನೂ ತೆಗೆದಿಡಬೇಡಿ.

ವಿಶ್ವಾಸದಿಂದ,
ಜಿಲ್ಲಾ ಆಸ್ಪತ್ರೆಯೊಂದರ ಆಪ್ತಸಮಾಲೋಚಕಿ